ಹವ್ಯಾಸಿ ರೇಡಿಯೊ ಸಂಘಗಳಲ್ಲಿ ದೂರದೂರಿನ ಸದಸ್ಯರಿಗೂ ಮತ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಪರವಾನಗಿ ಪಡೆದ ಹವ್ಯಾಸಿಗಳು (ಹ್ಯಾಮ್‌ಗಳು) ತಮ್ಮದೇ ರೇಡಿಯೊ ಕೇಂದ್ರಗಳಿಂದ ಪರಸ್ಪರ ಮಾತನಾಡುವ ಹವ್ಯಾಸಿ ರೇಡಿಯೊ, ಅಂದರೆ ಜನರ ಬಾಯಲ್ಲಿರುವ ಹ್ಯಾಮ್ ರೇಡಿಯೊ, ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಭೂಕಂಪ, ಪ್ರವಾಹ, ಚಂಡಮಾರುತಗಳ ಸುದ್ದಿಯ ಜೊತೆಗೆ. 2001ರಲ್ಲಿ ಭುಜ್‌ನ ಭೂಕಂಪದ ನಂತರ ದೂರವಾಣಿ ಕಡಿದುಹೋಗಿದ್ದಾಗ ಹ್ಯಾಮ್‌ಗಳು ಅಲ್ಲಿ ಸಂಪರ್ಕ ಕಲ್ಪಿಸಿದ್ದನ್ನು, 2004ರ ಡಿಸೆಂಬರ್ 26ರ ಸುನಾಮಿಯ ದಿನ ಪೋರ್ಟ್ ಬ್ಲೇರ್‌ನಲ್ಲಿ ಬೀಡುಬಿಟ್ಟಿದ್ದ ಹವ್ಯಾಸಿ ತಂಡವೊಂದು ಅಂಡಮಾನ್‌ನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದ್ದನ್ನು ಓದುಗರಲ್ಲಿ ಹಲವರು ನೆನಪಿಟ್ಟುಕೊಂಡಿದ್ದಾರೆ. ಆ ನೆನಪು ನನಗೂ ಹೆಮ್ಮೆಯದು. ಆದರೆ ಅಂಥ ಕೆಲಸಕ್ಕೆ ಜನರನ್ನೂ ಸಲಕರಣೆಯನ್ನೂ ಸಿದ್ಧವಾಗಿಡುವ ಸಂಘಗಳು ಒಳಗೆ ಹೇಗೆ ನಡೆಯುತ್ತವೆ, ಅವುಗಳ ಪದಾಧಿಕಾರಿಗಳನ್ನು ಯಾರು ಆರಿಸುತ್ತಾರೆ, ಆರಿಸುವ ಹಕ್ಕು ಎಲ್ಲ ಸದಸ್ಯರಿಗೂ ನಿಜವಾಗಿ ತಲುಪುತ್ತಿದೆಯೇ ಎಂಬ ವಿಚಾರ ಎಲ್ಲಿಯೂ ಚರ್ಚೆಗೆ ಬರುವುದಿಲ್ಲ. ಕಾಗದದ ಮೇಲೆ ಪ್ರತಿಯೊಬ್ಬ ಸದಸ್ಯನಿಗೂ ಮತವಿದೆ, ನಿಜ. ಆದರೆ ಅದು ಚಲಾವಣೆಯಾಗುವುದು ಒಂದು ಭಾನುವಾರ ಒಂದು ಊರಿನ ಒಂದು ಕೋಣೆಗೆ ಬಂದು ಕೈಯೆತ್ತಬಲ್ಲವರಿಂದ ಮಾತ್ರ. ಇದು ಬದಲಾಗಬೇಕೆಂದು ಕೇಳುವುದಕ್ಕಾಗಿ ಈ ಪತ್ರ.

ವಿಷಯದ ಪರಿಚಯವಿಲ್ಲದ ಓದುಗರಿಗಾಗಿ ಕೆಲವು ಮಾತು. ನಮ್ಮ ದೇಶದಲ್ಲಿ 12 ವರ್ಷ ತುಂಬಿದ ಯಾರು ಬೇಕಾದರೂ ಕೇಂದ್ರ ಸಂಪರ್ಕ ಸಚಿವಾಲಯದ ಅಡಿಯಲ್ಲಿ ನಡೆಯುವ ಪರೀಕ್ಷೆಗೆ ಕುಳಿತು, ತೇರ್ಗಡೆಯಾಗಿ, ಹವ್ಯಾಸಿ ಕೇಂದ್ರದ ಪರವಾನಗಿ ಪಡೆಯಬಹುದು. ಪರವಾನಗಿಯಲ್ಲಿ ಸಾಮಾನ್ಯ ದರ್ಜೆ, ಸೀಮಿತ ದರ್ಜೆ ಎಂದು ಎರಡು ಬಗೆಗಳಿದ್ದು, ಮೊದಲನೆಯವರ ಕಾಲ್ ಸೈನ್ (ಪ್ರಸಾರದಲ್ಲಿ ಗುರುತು ಹೇಳಿಕೊಳ್ಳುವ ಸಂಕೇತ) ವಿಯು2 ಎಂದೂ ಎರಡನೆಯವರದು ವಿಯು3 ಎಂದೂ ಆರಂಭವಾಗುತ್ತದೆ. ಪರವಾನಗಿ ಕೊಡುವುದು ಸರ್ಕಾರ, ಸಂಘವಲ್ಲ. ಯಾವ ಕ್ಲಬ್ಬಿಗೂ ಸೇರದೆ ಜೀವನವಿಡೀ ಹ್ಯಾಮ್ ಆಗಿ ಉಳಿಯಲು ಯಾವ ಅಡ್ಡಿಯೂ ಇಲ್ಲ. ಹಾಗಿದ್ದರೂ ಸಂಘಗಳು ಬೇಕಾಗುವುದು ಒಬ್ಬೊಬ್ಬರಿಂದ ಆಗದ ಕೆಲಸಗಳಿಗಾಗಿ: ಗುಡ್ಡದ ಮೇಲೆ ರಿಪೀಟರ್ (ಸಣ್ಣ ಸೆಟ್ಟುಗಳ ಸಂಕೇತವನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಯಂತ್ರ) ನಿಲ್ಲಿಸುವುದು, ಅದರ ಬ್ಯಾಟರಿ ಮತ್ತು ಆಂಟೆನಾ ನೋಡಿಕೊಳ್ಳುವುದು, ಹೊಸಬರಿಗೆ ಪರೀಕ್ಷೆಯ ಪಾಠ ಹೇಳುವುದು, ಮಳೆಗಾಲದಲ್ಲಿ ಜಿಲ್ಲಾಡಳಿತದ ಜೊತೆ ಸಂಪರ್ಕದಲ್ಲಿರುವುದು, ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ತರಂಗಾಂತರಗಳ ವಿಚಾರ ಬಂದಾಗ ಸರ್ಕಾರದೆದುರು ಒಂದೇ ದನಿಯಲ್ಲಿ ಮಾತನಾಡುವುದು.

ಆ ದನಿ ಯಾರದು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ನಾನು ಬಹುಕಾಲದಿಂದ ಸದಸ್ಯನಾಗಿರುವ ಒಂದು ಸಂಘದ ವಾರ್ಷಿಕ ಮಹಾಸಭೆ ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಹೆಸರು ಬೇಡ, ಏಕೆಂದರೆ ಬೇರೆ ಸಂಘಗಳ ಗೆಳೆಯರು ತಮ್ಮಲ್ಲಿಯೂ ಹೀಗೆಯೇ ಎನ್ನುತ್ತಾರೆ. ಸಭೆಯ ತಿಳಿವಳಿಕೆ ಪತ್ರ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ಗುಂಪಿನಲ್ಲಿ ಇಲ್ಲದವರಿಗೆ, ಅದರಲ್ಲಿಯೂ ವಯಸ್ಸಾದ ಸದಸ್ಯರಿಗೆ, ಸುದ್ದಿ ತಿಳಿಯುವುದು ಯಾರಾದರೂ, ಹ್ಯಾಮ್‌ಗಳು ನಿಗದಿತ ಹೊತ್ತಿಗೆ ರೇಡಿಯೊದಲ್ಲಿ ಒಟ್ಟುಗೂಡಿ ಮಾತನಾಡುವ ಬೆಳಗಿನ ನೆಟ್‌ನಲ್ಲಿ ಪ್ರಸ್ತಾಪಿಸಿದರೆ ಮಾತ್ರ. ನಿಗದಿತ ಸಮಯಕ್ಕೆ ಕೋರಂ ಇರುವುದಿಲ್ಲ; ಬೈಲಾದಲ್ಲಿರುವಂತೆ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಆಮೇಲೆ ಬಂದಷ್ಟು ಜನರನ್ನೇ ಸಾಕೆಂದು ಪರಿಗಣಿಸಿ ಆರಂಭಿಸಲಾಗುತ್ತದೆ. ಕಳೆದ ಸಭೆಯ ನಡಾವಳಿ, ಜಮಾ ಖರ್ಚು ಓದಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಆಗ ಹಿರಿಯರೊಬ್ಬರು ಎದ್ದುನಿಂತು ಈಗಿನ ಸಮಿತಿಯೇ ಮುಂದುವರಿಯಲಿ ಎನ್ನುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆಯಾಗುತ್ತದೆ. ನಡಾವಳಿ ಪುಸ್ತಕದಲ್ಲಿ ‘ಅವಿರೋಧ ಆಯ್ಕೆ’ ಎಂದು ಬರೆಯುತ್ತಾರೆ. ವಿರೋಧಿಸುವ ಅವಕಾಶ ಇತ್ತೇ, ಬೇರೆ ಯಾರಾದರೂ ಸ್ಪರ್ಧಿಸಲು ಬಯಸಿದ್ದರೆ ಅವರು ಎಂದಿನೊಳಗೆ ಯಾರಿಗೆ ನಾಮಪತ್ರ ಕೊಡಬೇಕಿತ್ತು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ.

ಹೀಗೆ ಆಯ್ಕೆಯಾದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬಹುಪಾಲು ಸಂಘಗಳಲ್ಲಿ ಅವರೇ ತಮ್ಮ ಜೇಬಿನ ಹಣ ಹಾಕಿ, ಕೆಲಸಕ್ಕೆ ರಜೆ ಹಾಕಿ, ಸಿಡಿಲಿಗೆ ಸುಟ್ಟ ರಿಪೀಟರನ್ನು ಗುಡ್ಡದಿಂದ ಹೊತ್ತು ತಂದು ರಿಪೇರಿ ಮಾಡಿದವರು. ಅವರ ಋಣ ದೊಡ್ಡದು. ಆದರೆ ಕೆಲಸ ಮಾಡುವವರಿಗೆ ಸದಸ್ಯರು ಕೊಡಬೇಕಾದದ್ದು ಚಪ್ಪಾಳೆಯೊಂದನ್ನೇ ಅಲ್ಲ, ಒಪ್ಪಿಗೆಯನ್ನು; ಒಪ್ಪಿಗೆಗೆ ಬೆಲೆ ಬರುವುದು ಬೇಡವೆನ್ನಲು ಅವಕಾಶವಿದ್ದಾಗ ಮಾತ್ರ. ಕೆಲವೇ ಮಂದಿ ಹಾಜರಿದ್ದ ಸಭೆಯಲ್ಲಿ ಆಯ್ಕೆಯಾದ ಅಧ್ಯಕ್ಷರು ನಾಳೆ ಜಿಲ್ಲಾಧಿಕಾರಿಗಳ ಮುಂದೆಯೋ ದೆಹಲಿಯ ಅಧಿಕಾರಿಗಳ ಮುಂದೆಯೋ ‘ನಮ್ಮ ಸದಸ್ಯರ ಪರವಾಗಿ’ ಎಂದು ಮಾತು ಆರಂಭಿಸಿದಾಗ ಆ ಮಾತಿಗೆ ಎಷ್ಟು ತೂಕ ಬರುತ್ತದೆ ಎಂಬುದನ್ನು ಅವರೇ ಯೋಚಿಸಬೇಕು.

ಕಾನೂನಿನ ಮಾತಿಗೆ ಬಂದರೆ, ನಮ್ಮ ರಾಜ್ಯದಲ್ಲಿ ಇಂಥ ಕ್ಲಬ್ಬುಗಳು ಸಾಮಾನ್ಯವಾಗಿ ನೋಂದಣಿಯಾಗುವುದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ. ಏಳು ಮಂದಿ ಸೇರಿದರೆ ಸಂಘ ಕಟ್ಟಬಹುದು. ಅದಾದ ಮೇಲೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕಪತ್ರ ಮಂಡಿಸಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಚುನಾವಣೆಯ ವಿಧಾನವನ್ನು, ಅಂದರೆ ಕೈಯೆತ್ತಿಯೋ ಗುಪ್ತ ಮತದಾನವೋ, ಸಭೆಯಲ್ಲಿಯೋ ಅಂಚೆಯಲ್ಲಿಯೋ ಎಂಬುದನ್ನು, ಬಹುಮಟ್ಟಿಗೆ ನಿರ್ಧರಿಸುವುದು ಸಂಘದ ಬೈಲಾ. ಆದ್ದರಿಂದ ಇದನ್ನು ಸರಿಪಡಿಸಲು ವಿಧಾನಸೌಧಕ್ಕೆ ಹೋಗಬೇಕಾಗಿಲ್ಲ. ಸಂಘದ ಒಳಗೇ ಬೈಲಾ ತಿದ್ದಿ, ಸಭೆಯ ಒಪ್ಪಿಗೆ ಪಡೆದು, ನೋಂದಣಾಧಿಕಾರಿಯ ಕಚೇರಿಗೆ ಸಲ್ಲಿಸಿದರೆ ಆಯಿತು. ಬಹಳಷ್ಟು ಕ್ಲಬ್ಬುಗಳ ಬೈಲಾ ನೋಂದಣಿಯ ಕಾಲದಲ್ಲಿ ಯಾವುದೋ ಮಾದರಿಯಿಂದ ನಕಲು ಮಾಡಿಕೊಂಡದ್ದು. ಸದಸ್ಯರಲ್ಲಿ ಹೆಚ್ಚಿನವರು ಅದನ್ನು ಓದಿಯೇ ಇಲ್ಲ.

ಸದಸ್ಯರ ಪಟ್ಟಿಯ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದ ತೊಂದರೆಗಳಿಗೆಲ್ಲ ಬೇರು ಅಲ್ಲಿದೆ. ಸಂಘಗಳು ಆರಂಭದ ದಿನಗಳಲ್ಲಿ ಹಣ ಕೂಡಿಸಲು ಆಜೀವ ಸದಸ್ಯತ್ವ ಕೊಟ್ಟವು. ಒಮ್ಮೆ ಹಣ ಕಟ್ಟಿದವರು ಮತ್ತೆ ಸಂಘವನ್ನು ಸಂಪರ್ಕಿಸುವ ಅಗತ್ಯವೇ ಬರಲಿಲ್ಲ. ಅವರಲ್ಲಿ ಕೆಲವರು ಊರು ಬಿಟ್ಟರು, ಕೆಲವರು ಪರವಾನಗಿ ನವೀಕರಿಸಲಿಲ್ಲ, ಕೆಲವರು ತೀರಿಕೊಂಡರು. ತೀರಿಕೊಂಡ ಹ್ಯಾಮ್‌ಗಳನ್ನು ನಾವು ಸೈಲೆಂಟ್ ಕೀ ಎನ್ನುತ್ತೇವೆ. ಅವರ ಹೆಸರನ್ನು ಗೌರವದಿಂದ ನೆನೆಯುವುದು ಬೇರೆ, ಮತದಾರರ ಪಟ್ಟಿಯಲ್ಲಿ ಉಳಿಸಿಕೊಳ್ಳುವುದು ಬೇರೆ. ಪಟ್ಟಿಯಲ್ಲಿರುವ ಒಟ್ಟು ಸಂಖ್ಯೆಯ ಇಂತಿಷ್ಟು ಪಾಲು ಎಂದು ಕೋರಂ ಲೆಕ್ಕ ಹಾಕುವ ಸಂಘದಲ್ಲಿ ಹೀಗೆ ಬರಲಾಗದವರ ಹೆಸರುಗಳೆಲ್ಲ ಸೇರಿದರೆ ಕೋರಂ ಎಂದಿಗೂ ತುಂಬುವುದಿಲ್ಲ. ತುಂಬದ ಕಾರಣ ಪ್ರತಿವರ್ಷ ಮುಂದೂಡಿದ ಸಭೆಯೇ ನಿಜವಾದ ಸಭೆಯಾಗುತ್ತದೆ. ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲವಾದ್ದರಿಂದ ಸದಸ್ಯರನ್ನು ಕರೆತರುವ ಒತ್ತಡ ಸಮಿತಿಗೆ ಇರುವುದೇ ಇಲ್ಲ. ಇನ್ನೊಂದು ಕಡೆ, ವಾರ್ಷಿಕ ಚಂದಾ ಬಾಕಿ ಉಳಿಸಿಕೊಂಡವರಿಗೆ ಮತವಿಲ್ಲ ಎಂಬ ನಿಯಮ ಇರುವ ಸಂಘಗಳಲ್ಲಿ ಬಾಕಿಯ ನೆನಪೋಲೆ ಕಳಿಸುವ ಪದ್ಧತಿ ಇಲ್ಲದೆ, ಸಭೆಯ ಬಾಗಿಲಿನಲ್ಲಿ ಮಾತ್ರ ಬಾಕಿಯ ವಿಷಯ ತಿಳಿಯುತ್ತದೆ. ಚಂದಾ ಬಾಕಿ ಉಳಿದವರಿಗೆ ಮತವಿಲ್ಲವೆಂಬುದು 1860ರ ಕೇಂದ್ರ ಸಂಘಗಳ ನೋಂದಣಿ ಕಾಯ್ದೆಯಲ್ಲಿಯೇ ಇರುವ ಹಳೆಯ ತತ್ವ. ಮೂರು ತಿಂಗಳಿಗಿಂತ ಹೆಚ್ಚಿನ ಬಾಕಿ ಇದ್ದರೆ ಎಂದು ಅದು ಹೇಳುತ್ತದೆ. ತತ್ವ ಸರಿಯಾದದ್ದೇ. ಆದರೆ ಅದನ್ನು ಮುಂಚಿತವಾಗಿ ತಿಳಿಸದೆ ಜಾರಿಗೆ ತರುವುದು ಸರಿಯಲ್ಲ.

ಇನ್ನು ದೂರದ ಮಾತು. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಅಲ್ಲಿನ ಹ್ಯಾಮ್ ಒಬ್ಬರು ಬೆಳಗ್ಗೆ 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ, ಮನೆಯ ಛಾವಣಿಯ ತಂತಿ ಆಂಟೆನಾದಿಂದಲೇ ಬೆಂಗಳೂರು, ಮಂಗಳೂರು, ಮೈಸೂರುಗಳ ಗೆಳೆಯರ ಜೊತೆ ಮಾತನಾಡುತ್ತಾರೆ. ಆದರೆ ಸಂಘದ ಅಧ್ಯಕ್ಷರು ಯಾರಾಗಬೇಕೆಂದು ಹೇಳಲು ಶನಿವಾರ ರಾತ್ರಿಯ ಬಸ್ಸು ಹತ್ತಿ, ಸಭೆ ಮುಗಿಸಿ, ಭಾನುವಾರ ರಾತ್ರಿ ಮತ್ತೆ ಬಸ್ಸು ಹತ್ತಬೇಕು. ನೌಕರಿ ಇರುವವರು, ಮನೆಯಲ್ಲಿ ಚಿಕ್ಕ ಮಕ್ಕಳನ್ನೋ ವೃದ್ಧರನ್ನೋ ನೋಡಿಕೊಳ್ಳುವವರು, ಅಂಗವೈಕಲ್ಯ ಇರುವವರು ಬರುವುದಾದರೂ ಹೇಗೆ? ಹಾಸಿಗೆ ಹಿಡಿದವರೂ ದೃಷ್ಟಿಯಿಲ್ಲದವರೂ ಇತರರಿಗೆ ಸರಿಸಮವಾಗಿ ಪಾಲ್ಗೊಳ್ಳಬಲ್ಲ ಹವ್ಯಾಸಗಳು ಬಹಳ ಇಲ್ಲ. ರೇಡಿಯೊ ಅವುಗಳಲ್ಲಿ ಒಂದು. ಅವರನ್ನು ಗಾಳಿಯಲ್ಲಿ ಸಮಾನರೆಂದು ಕಂಡು ಚುನಾವಣೆಯಲ್ಲಿ ಹೊರಗಿಡುವುದು ನನಗೆ ಬಹಳ ನೋವಿನ ಸಂಗತಿ.

ರೇಡಿಯೊದಲ್ಲಿಯೇ ಮತ ಹಾಕಬಾರದೇಕೆ ಎಂದು ಕೆಲವರು ಕೇಳಿದ್ದಾರೆ. ಅದು ಆಗುವ ಮಾತಲ್ಲ. ಹವ್ಯಾಸಿ ಪ್ರಸಾರ ಬಹಿರಂಗವಾಗಿರಬೇಕು, ಅರ್ಥ ಮರೆಮಾಚುವ ಸಂಕೇತಲಿಪಿ ಬಳಸಕೂಡದು ಎಂಬುದು ನಮ್ಮ ಸೇವೆಯ ಮೂಲ ನಿಯಮಗಳಲ್ಲಿ ಒಂದು. ಅದನ್ನು ಸಡಿಲಿಸಬೇಕೆಂದು ಯಾವ ಹ್ಯಾಮ್ ಕೂಡ ಬಯಸಲಾರ. ಗಾಳಿಯಲ್ಲಿ ಹೇಳಿದ ಮತವನ್ನು ಊರೆಲ್ಲ ಕೇಳುತ್ತದೆ. ಕೈಯೆತ್ತುವ ಮತದಾನದಲ್ಲಿಯೂ ಇದೇ ದೋಷವಿದೆ. ಪರೀಕ್ಷೆಗೆ ಪಾಠ ಹೇಳಿಕೊಟ್ಟ, ಮೊದಲ ರೇಡಿಯೊ ಸೆಟ್ ಕಡ ಕೊಟ್ಟ ಗುರುವಿನ ಎದುರೇ ಕುಳಿತು ಅವರ ವಿರುದ್ಧ ಕೈಯೆತ್ತಲು ಹೊಸಬರಿಗೆ ಮನಸ್ಸಾಗುವುದಿಲ್ಲ. ಸಣ್ಣ ಸಮುದಾಯದಲ್ಲಿ ಗುಪ್ತ ಮತದಾನ ದೊಡ್ಡ ಸಮುದಾಯಕ್ಕಿಂತಲೂ ಹೆಚ್ಚು ಅಗತ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೆಟ್‌ನಲ್ಲಿ ಸಭೆಯ ದಿನಾಂಕ, ನಾಮಪತ್ರದ ಕೊನೆಯ ದಿನ ಇವಿಷ್ಟನ್ನು ಓದಿ ಹೇಳಲಿ. ಪ್ರಚಾರವೂ ಮತವೂ ಗಾಳಿಯಿಂದ ಹೊರಗಿರಲಿ.

ಇಷ್ಟು ಚಿಕ್ಕ ಹವ್ಯಾಸಕ್ಕೆ ಚುನಾವಣೆಯ ಇಷ್ಟೊಂದು ಗೊಡವೆ ಏಕೆ ಎಂದು ಕೇಳುವವರಿಗೆ ಒಂದು ಸರಪಣಿಯನ್ನು ತೋರಿಸಬೇಕು. ತರಂಗಾಂತರ ಹಂಚಿಕೆ ಅಂತಿಮವಾಗಿ ನಿರ್ಧಾರವಾಗುವುದು ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ವಿಶ್ವ ರೇಡಿಯೊ ಸಮ್ಮೇಳನಗಳಲ್ಲಿ. ಅಲ್ಲಿ ಹವ್ಯಾಸಿಗಳ ಪರವಾಗಿ ಮಾತನಾಡುವುದು 1925ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ. ಅದರಲ್ಲಿ ಒಂದು ದೇಶಕ್ಕೆ ಒಂದೇ ಸಂಘ ಸದಸ್ಯ. ಭಾರತದ ಪರವಾಗಿ ಇರುವುದು ಅಮೆಚೂರ್ ರೇಡಿಯೊ ಸೊಸೈಟಿ ಆಫ್ ಇಂಡಿಯಾ. ಹೀಗಾಗಿ ಒಬ್ಬ ಸದಸ್ಯನ ಮತ ರಾಷ್ಟ್ರೀಯ ಸಂಘಕ್ಕೆ, ಅಲ್ಲಿಂದ ಏಷ್ಯಾ ಮತ್ತು ಪೆಸಿಫಿಕ್ ದೇಶಗಳಿರುವ ಮೂರನೆಯ ವಲಯಕ್ಕೆ, ಅಲ್ಲಿಂದ ಒಕ್ಕೂಟಕ್ಕೆ ಹೋಗುವ ದಾರಿ ಇದೆ. ಮೊದಲ ಕೊಂಡಿಯೇ ಸಡಿಲವಾದರೆ ಮುಂದಿನದಕ್ಕೆ ಬಲ ಎಲ್ಲಿಂದ ಬರಬೇಕು?

ಈ ದಾರಿ ಬರೀ ಕಾಗದದ್ದಲ್ಲ. 2019ರಲ್ಲಿ ಯೂರೋಪಿನ ದೂರಸಂಪರ್ಕ ಆಡಳಿತಗಳ ವೇದಿಕೆಯಲ್ಲಿ ಫ್ರಾನ್ಸ್ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ತರಂಗಾಂತರ ಪಟ್ಟಿಯನ್ನು ವಿಮಾನಯಾನದ ಬಳಕೆಗಾಗಿ ಅಧ್ಯಯನ ಮಾಡಬೇಕೆಂದು ಪ್ರಸ್ತಾಪಿಸಿತು. ಅದು ಜಗತ್ತಿನಾದ್ಯಂತ ಹ್ಯಾಮ್‌ಗಳು ಕೈಸೆಟ್‌ಗಳಲ್ಲಿ ದಿನವೂ ಬಳಸುವ 2 ಮೀಟರ್ ಬ್ಯಾಂಡ್. ನಮ್ಮ ಗುಡ್ಡಗಳ ರಿಪೀಟರ್‌ಗಳಲ್ಲಿ ಹೆಚ್ಚಿನವು ಅದರಲ್ಲಿಯೇ ಇವೆ. ದೇಶದೇಶಗಳ ಹವ್ಯಾಸಿ ಸಂಘಗಳು ತಂತಮ್ಮ ಸರ್ಕಾರಗಳನ್ನು ಕಂಡು ವಿವರಿಸಿದವು. ಕೆಲವೇ ತಿಂಗಳಲ್ಲಿ ಆ ಪ್ರಸ್ತಾಪ ಬಿದ್ದುಹೋಯಿತು. 2023ರಲ್ಲಿ ದುಬೈನ ವಿಶ್ವ ರೇಡಿಯೊ ಸಮ್ಮೇಳನದ ಮುಂದೆ 1240ರಿಂದ 1300 ಮೆಗಾಹರ್ಟ್ಸ್‌ನ 23 ಸೆಂಟಿಮೀಟರ್ ಬ್ಯಾಂಡಿನ ಪ್ರಶ್ನೆ ಬಂದಿತ್ತು; ಉಪಗ್ರಹ ಆಧಾರಿತ ದಿಕ್ಸೂಚಿ ಸೇವೆಗಳಿಗೆ ಹವ್ಯಾಸಿಗಳಿಂದ ತೊಂದರೆಯಾಗದಂತೆ ಮಾರ್ಗಸೂಚಿಯೊಂದಿಗೆ ಆ ಬ್ಯಾಂಡ್ ನಮಗೆ ಉಳಿಯಿತು. ಇವೆಲ್ಲ ಸಂಘಗಳ ಕೆಲಸ. ನಮ್ಮದೇ ನೆಲದ ಉದಾಹರಣೆಯೂ ಇದೆ: 2005ರ ಮೇ 5ರಂದು ಇಸ್ರೊ ಪಿಎಸ್‌ಎಲ್‌ವಿ ಸಿ6ರಲ್ಲಿ ಕಾರ್ಟೊಸ್ಯಾಟ್ 1ರ ಜೊತೆ ಹಾರಿಸಿದ 42.5 ಕಿಲೋಗ್ರಾಂ ತೂಕದ ಹವ್ಯಾಸಿ ರೇಡಿಯೊ ಉಪಗ್ರಹ ಹ್ಯಾಮ್‌ಸ್ಯಾಟ್, ಭಾರತದ ಹವ್ಯಾಸಿಗಳ ಬಹುದಿನದ ಬೇಡಿಕೆಗೆ ಸಿಕ್ಕ ಉತ್ತರವಾಗಿತ್ತು ಮತ್ತು 2014ರವರೆಗೆ ಕೆಲಸ ಮಾಡಿತು.

ಈಗ ಮತ್ತೊಂದು ಸಂದರ್ಭ ಬಂದಿದೆ. ನಮ್ಮ ಹವ್ಯಾಸಿ ಸೇವೆಯ 1978ರ ನಿಯಮಗಳು ರೂಪುಗೊಂಡದ್ದು 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಲ್ಲಿ. ಆ ಕಾಯ್ದೆಯ ಮತ್ತು 1933ರ ವೈರ್‌ಲೆಸ್ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ತಂದಿದೆ. ಹೊಸ ಕಾಯ್ದೆಯಡಿ ನಿಯಮಗಳ ಕರಡು ಪ್ರಕಟವಾದಾಗ ಆಕ್ಷೇಪ, ಸಲಹೆಗಳಿಗೆ ಸಿಗುವುದು ಕೆಲವೇ ವಾರಗಳ ಅವಧಿ. ಅಷ್ಟರಲ್ಲಿ ಬೀದರ್‌ನ ಸದಸ್ಯ, ಕಾರವಾರದ ಸದಸ್ಯ, ಕಾಲೇಜು ವಿದ್ಯಾರ್ಥಿನಿ ಇವರೆಲ್ಲರ ಅಭಿಪ್ರಾಯ ಕೇಳಿ ಕ್ರೋಡೀಕರಿಸಿ ಕಳಿಸಬಲ್ಲ ವ್ಯವಸ್ಥೆ ಎಷ್ಟು ಸಂಘಗಳಲ್ಲಿದೆ? ದೂರದಿಂದ ಮತ ಪಡೆಯುವ ವ್ಯವಸ್ಥೆ ಇರುವ ಸಂಘದಲ್ಲಿ ಅದೇ ಪಟ್ಟಿ, ಅದೇ ವಿಳಾಸ, ಅದೇ ಅಭ್ಯಾಸ ಇದಕ್ಕೂ ಒದಗುತ್ತದೆ.

ಬೇರೆ ದೇಶಗಳ ಸಂಘಗಳು ಇದನ್ನು ಹೇಗೆ ನಿಭಾಯಿಸಿವೆ ಎಂಬುದನ್ನು ನೋಡಬಹುದು. 1914ರಲ್ಲಿ ಸ್ಥಾಪನೆಯಾದ ಅಮೆರಿಕದ ಅಮೆರಿಕನ್ ರೇಡಿಯೊ ರಿಲೇ ಲೀಗ್ ದೇಶವನ್ನು 15 ವಿಭಾಗಗಳಾಗಿ ವಿಂಗಡಿಸಿಕೊಂಡಿದೆ. ಒಂದೊಂದು ವಿಭಾಗದ ಪರವಾನಗಿದಾರ ಸದಸ್ಯರು ತಮ್ಮ ನಿರ್ದೇಶಕರನ್ನು ಮೂರು ವರ್ಷಗಳ ಅವಧಿಗೆ ಆರಿಸುತ್ತಾರೆ. ಪ್ರತಿವರ್ಷ ಐದು ವಿಭಾಗಗಳ ಸರದಿ. ಮತಪತ್ರ ಸದಸ್ಯನ ಮನೆಗೆ ಬರುತ್ತದೆ, ಸದಸ್ಯ ಸಭೆಗೆ ಹೋಗಬೇಕಾಗಿಲ್ಲ. 1913ರಲ್ಲಿ ಲಂಡನ್ನಿನ ಒಂದು ಕ್ಲಬ್ಬಾಗಿ ಆರಂಭವಾದ ಬ್ರಿಟನ್ನಿನ ರೇಡಿಯೊ ಸೊಸೈಟಿಯಲ್ಲಿ ವಾರ್ಷಿಕ ಸಭೆಗೆ ಮುಂಚೆಯೇ ಆನ್‌ಲೈನಿನಲ್ಲಿ ಮತ ಹಾಕುವ ಏರ್ಪಾಡಿದೆ. ಜರ್ಮನಿಯ ಸಂಘದ್ದು ಬೇರೆ ದಾರಿ: ಊರಿನ ಘಟಕಗಳು ಜಿಲ್ಲೆಯ ಮುಖ್ಯಸ್ಥರನ್ನು, ಜಿಲ್ಲೆಗಳ ಮುಖ್ಯಸ್ಥರು ಕೂಡಿ ರಾಷ್ಟ್ರೀಯ ಮಂಡಳಿಯನ್ನು ಆರಿಸುತ್ತಾರೆ. ಜಗತ್ತಿನ ಅತ್ಯಂತ ಹಳೆಯ ರಾಷ್ಟ್ರೀಯ ಹವ್ಯಾಸಿ ಸಂಘವಾದ, 1910ರ ಆಸ್ಟ್ರೇಲಿಯಾ ಸಂಘ, ಬಹುಕಾಲ ರಾಜ್ಯ ಘಟಕಗಳ ಒಕ್ಕೂಟವಾಗಿದ್ದು ಈ ಶತಮಾನದ ಆರಂಭದ ವರ್ಷಗಳಲ್ಲಿ ಎಲ್ಲ ಸದಸ್ಯರೂ ನೇರವಾಗಿ ಸೇರುವ ಒಂದೇ ಸಂಸ್ಥೆಯಾಯಿತು. ಇವರಲ್ಲಿ ಯಾರ ವ್ಯವಸ್ಥೆಯೂ ಪರಿಪೂರ್ಣವಲ್ಲ. ಅಮೆರಿಕದಲ್ಲಿಯೂ ಒಬ್ಬರೇ ಅರ್ಹ ಅಭ್ಯರ್ಥಿ ಇದ್ದರೆ ಮತದಾನವಿಲ್ಲದೆ ಆಯ್ಕೆ ಘೋಷಿಸುತ್ತಾರೆ, ಮತಪತ್ರ ಮನೆಗೆ ಬಂದರೂ ಮರಳಿ ಕಳಿಸದ ಸದಸ್ಯರು ಅಲ್ಲಿಯೂ ಇದ್ದಾರೆ. ಆದರೆ ಅವರಲ್ಲಿ ಮತ ಹಾಕದವರು ತಾವಾಗಿ ಹಾಕದವರು. ನಮ್ಮಲ್ಲಿ ಬಹುತೇಕರಿಗೆ ಹಾಕುವ ದಾರಿಯೇ ಇಲ್ಲ.

ಅಷ್ಟು ದೂರ ಹೋಗುವುದೂ ಬೇಡ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರ ಚುನಾವಣೆ ಬಂದಾಗ ಆಜೀವ ಸದಸ್ಯರು ಚಾಮರಾಜಪೇಟೆಯ ಪರಿಷತ್ತಿನ ಕಟ್ಟಡಕ್ಕೆ ಬರಬೇಕಾಗಿಲ್ಲ. ತಮ್ಮ ತಾಲ್ಲೂಕಿನ ಮತಗಟ್ಟೆಯಲ್ಲಿಯೇ ಗುಪ್ತವಾಗಿ ಮತ ಹಾಕುತ್ತಾರೆ. ಆ ಚುನಾವಣೆಯ ಅಬ್ಬರ ನಮಗೆ ಬೇಡ, ಆದರೆ ಸಂಘವೇ ಸದಸ್ಯನಿರುವಲ್ಲಿಗೆ ಬರುವ ಆ ಕ್ರಮ ಬೇಕು. ಲಕ್ಷಗಟ್ಟಲೆ ಸದಸ್ಯರಿರುವ ಸಂಸ್ಥೆಗೆ ಇದು ಸಾಧ್ಯವಾಗುವಾಗ ಕೆಲವು ನೂರು ಸದಸ್ಯರ ಕ್ಲಬ್ಬಿಗೆ ಕಷ್ಟವೆನ್ನಲಾಗದು.

ಆಕ್ಷೇಪಗಳು ನನಗೆ ಗೊತ್ತು. ಚುನಾವಣೆ ಎಂದರೆ ಗುಂಪುಗಾರಿಕೆ, ಹವ್ಯಾಸಕ್ಕೆ ರಾಜಕೀಯ ಬೆರೆಯುತ್ತದೆ, ಸ್ನೇಹ ಕೆಡುತ್ತದೆ ಎನ್ನುತ್ತಾರೆ. ಈ ಭಯದಲ್ಲಿ ಸತ್ಯಾಂಶವಿದೆ. ಸ್ಪರ್ಧೆಯಾದ ಮೇಲೆ ಸೋತವರು ಮಾತು ಬಿಟ್ಟದ್ದನ್ನೂ ನೋಡಿದ್ದೇನೆ. ಆದರೆ ಚುನಾವಣೆ ನಡೆಸದ ಸಂಘಗಳಲ್ಲಿ ಗುಂಪುಗಾರಿಕೆ ಇಲ್ಲವೆಂದು ಯಾರೂ ಪ್ರಾಮಾಣಿಕವಾಗಿ ಹೇಳಲಾರರು. ಅಲ್ಲಿ ಭಿನ್ನಮತ ಮತಪೆಟ್ಟಿಗೆಗೆ ಹೋಗುವ ಬದಲು ಬೇರೆ ವಾಟ್ಸ್‌ಆ್ಯಪ್ ಗುಂಪಾಗಿ, ಆಮೇಲೆ ಬೇರೆ ಕ್ಲಬ್ಬಾಗಿ ಹೊರಬರುತ್ತದೆ. ಒಂದೇ ಊರಿನಲ್ಲಿ ಕೆಲವೇ ಹ್ಯಾಮ್‌ಗಳು ಎರಡು ಸಂಘಗಳಾಗಿ ಒಡೆದು, ಎರಡಕ್ಕೂ ರಿಪೀಟರ್ ನಡೆಸುವಷ್ಟು ಹಣವಿಲ್ಲದೆ, ವಿಪತ್ತಿನ ಹೊತ್ತಿನಲ್ಲಿ ಯಾರನ್ನು ಕರೆಯಬೇಕೆಂದು ಅಧಿಕಾರಿಗಳಿಗೇ ಗೊಂದಲವಾಗುವ ಸ್ಥಿತಿ ಸ್ಪರ್ಧೆಗಿಂತ ಹೆಚ್ಚು ಕೆಟ್ಟದ್ದು. ಸ್ಥಾನಕ್ಕೆ ಬರುವವರೇ ಇಲ್ಲ, ಸ್ಪರ್ಧೆ ಎಲ್ಲಿಂದ ಎಂಬುದು ಇನ್ನೊಂದು ಮಾತು. ಇದು ಹೆಚ್ಚು ಗಂಭೀರವಾದದ್ದು. ಜನ ಬರದಿರುವುದಕ್ಕೆ ಒಂದು ಕಾರಣ, ಕಾರ್ಯದರ್ಶಿಯ ಮೇಲೆ ಎಲ್ಲ ಹೊರೆಯನ್ನೂ ಹೊರಿಸುವ ನಮ್ಮ ಪದ್ಧತಿ. ರಿಪೀಟರ್‌ಗೆ ಒಬ್ಬರು, ತರಬೇತಿಗೆ ಒಬ್ಬರು, ಲೆಕ್ಕಕ್ಕೆ ಒಬ್ಬರು ಎಂದು ಹಂಚಿದರೆ, ಸತತವಾಗಿ ಇಷ್ಟೇ ಅವಧಿಗೆ ಒಬ್ಬರು ಒಂದು ಸ್ಥಾನದಲ್ಲಿ ಇರಬಹುದೆಂಬ ಮಿತಿ ಇದ್ದರೆ, ಮುಂದಿನವರು ಕಲಿಯಲು ಅವಕಾಶವಾಗುತ್ತದೆ.

ಮತ ಬೇಕಾಗುವುದು ವ್ಯಕ್ತಿಗಳ ಆಯ್ಕೆಗಷ್ಟೇ ಅಲ್ಲ. ಇತ್ತೀಚಿನ ವರ್ಷಗಳಲ್ಲಿ ಹಲವು ಸಂಘಗಳನ್ನು ಕಾಡಿದ ಒಂದು ಪ್ರಶ್ನೆಯನ್ನು ತೆಗೆದುಕೊಳ್ಳಿ: ಹಳೆಯ ಎಫ್‌ಎಂ ರಿಪೀಟರ್ ಕೆಟ್ಟಾಗ ಮತ್ತೆ ಎಫ್‌ಎಂ ಹಾಕಬೇಕೋ, ಡಿಜಿಟಲ್‌ಗೆ ಹೋಗಬೇಕೋ? ಡಿಜಿಟಲ್ ಎಂದರೆ ಡಿಎಂಆರ್ ಇದೆ, ಡಿ ಸ್ಟಾರ್ ಇದೆ, ಯಾಯೆಸು (Yaesu) ಕಂಪನಿಯ ಫ್ಯೂಷನ್ ಇದೆ. ಒಂದರ ಸೆಟ್ಟಿನಿಂದ ಇನ್ನೊಂದರಲ್ಲಿ ನೇರವಾಗಿ ಮಾತನಾಡಲಾಗದು. ಹಳೆಯ ಎಫ್‌ಎಂ ಕೈಸೆಟ್ ಮಾತ್ರ ಇರುವ ವಿದ್ಯಾರ್ಥಿ ಅಥವಾ ನಿವೃತ್ತ ಶಿಕ್ಷಕ ಬರೀ ಡಿಜಿಟಲ್ ರಿಪೀಟರ್ ಬಂದ ದಿನದಿಂದ ಊರಿನ ಮಾತುಕತೆಯಿಂದ ಹೊರಗುಳಿಯುತ್ತಾರೆ. ಡಿಜಿಟಲ್ ಬೇಡವೆಂದು ನಾನು ವಾದಿಸುತ್ತಿಲ್ಲ, ಅದರ ಲಾಭಗಳು ನಿಜ. ಆದರೆ ಎಲ್ಲರ ಚಂದಾ ಹಣದಿಂದ, ಎಲ್ಲರ ಕೈಯಲ್ಲಿರುವ ಸೆಟ್ಟುಗಳ ಮೇಲೆ ಪರಿಣಾಮ ಬೀರುವ ಖರೀದಿಯನ್ನು ಹೊಸ ಸೆಟ್ ಕೊಂಡುಕೊಂಡಿರುವ ಸಮಿತಿಯವರಷ್ಟೇ ತೀರ್ಮಾನಿಸುವುದು ನ್ಯಾಯವಲ್ಲ. ಒಂದು ಮೊತ್ತಕ್ಕಿಂತ ಹೆಚ್ಚಿನ ಖರೀದಿ, ಬೈಲಾ ತಿದ್ದುಪಡಿ, ಚಂದಾ ಏರಿಕೆ ಇಂಥವು ಎಲ್ಲ ಸದಸ್ಯರ ಮತಕ್ಕೆ ಹೋಗಬೇಕು.

ಮತದ ಹಕ್ಕು ಯಾರಿಗೆ ಎಂಬುದರಲ್ಲಿಯೂ ಸ್ಪಷ್ಟತೆ ಬೇಕು. ವಿಯು3 ಸೀಮಿತ ದರ್ಜೆಯವರಿಗೆ ಪೂರ್ಣ ಮತ ಇರಲೇಬೇಕು. ಪರವಾನಗಿಯ ದರ್ಜೆ ಯಾವ ಶಕ್ತಿಯಲ್ಲಿ ಪ್ರಸಾರ ಮಾಡಬಹುದೆಂಬುದನ್ನು ಹೇಳುತ್ತದೆ, ಸದಸ್ಯತ್ವದ ಘನತೆಯನ್ನಲ್ಲ. ಪರವಾನಗಿ ಇನ್ನೂ ಪಡೆಯದೆ ಕೇಳುಗರಾಗಿ ಸೇರಿದವರಿಗೆ ಪದಾಧಿಕಾರಿಗಳ ಚುನಾವಣೆಯಲ್ಲಿ ಮತ ಬೇಡವೆಂದು ಸಂಘ ತೀರ್ಮಾನಿಸಿದರೆ ಅದು ಒಪ್ಪಬಹುದಾದ ನಿಲುವು, ಅಮೆರಿಕದ ಲೀಗ್ ಕೂಡ ಅದನ್ನೇ ಅನುಸರಿಸುತ್ತದೆ. ಆದರೆ ಅದು ಬೈಲಾದಲ್ಲಿ ಬರೆದಿರಬೇಕು, ಸಭೆಯ ಬಾಗಿಲಿನಲ್ಲಿ ತೀರ್ಮಾನವಾಗಬಾರದು.

ಸದಸ್ಯರ ಪಾಲಿನ ತಪ್ಪನ್ನೂ ಹೇಳದಿದ್ದರೆ ಈ ಪತ್ರ ಸಮಿತಿಗಳಿಗೆ ಅನ್ಯಾಯ ಮಾಡಿದಂತಾಗುತ್ತದೆ. ಪರೀಕ್ಷೆ ಮುಗಿದು ಕಾಲ್ ಸೈನ್ ಬಂದ ಮೇಲೆ ಕ್ಲಬ್ಬಿನ ಕಡೆ ತಿರುಗಿ ನೋಡದವರು, ರಿಪೀಟರ್ ದಿನವೂ ಬಳಸಿ ಚಂದಾ ಕಟ್ಟದವರು, ಲೆಕ್ಕಪತ್ರದ ಪ್ರತಿ ಕಳಿಸಿದರೆ ತೆರೆದು ನೋಡದೆ ಆಮೇಲೆ ಅಪಸ್ವರ ಎತ್ತುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗುಂಪುಗುಂಪಾಗಿ ಪರೀಕ್ಷೆ ಕಟ್ಟಿದ ಯುವಕ ಯುವತಿಯರಲ್ಲಿ ಎಷ್ಟು ಮಂದಿಯನ್ನು ನಾವು ಸಮಿತಿಯಲ್ಲಿ ಕಾಣುತ್ತೇವೆ? ಅವರು ಬರುತ್ತಿಲ್ಲ, ನಾವೂ ಕರೆಯುತ್ತಿಲ್ಲ. ಮಹಿಳಾ ಹ್ಯಾಮ್‌ಗಳನ್ನು ಪ್ರದರ್ಶನದ ದಿನ ಮುಂದೆ ನಿಲ್ಲಿಸಿ ಚುನಾವಣೆಯ ದಿನ ಮರೆಯುತ್ತೇವೆ.

ರಾಜ್ಯದ ಎಲ್ಲ ಹವ್ಯಾಸಿ ರೇಡಿಯೊ ಸಂಘಗಳ ಸಮಿತಿಗಳಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಬೈಲಾ ತಿದ್ದುಪಡಿಯನ್ನು ಸೇರಿಸಿ, ಅದರ ಕರಡನ್ನು ಸಭೆಗೆ ಕನಿಷ್ಠ ಒಂದು ತಿಂಗಳು ಮುಂಚೆ ಪ್ರತಿಯೊಬ್ಬ ಸದಸ್ಯರಿಗೂ ಅಂಚೆ ಅಥವಾ ಇಮೇಲ್ ಮೂಲಕ ಕಳಿಸಿ. ಸದಸ್ಯರ ಪಟ್ಟಿಯನ್ನು ಪರಿಷ್ಕರಿಸಿ, ಸೈಲೆಂಟ್ ಕೀಗಳ ಹೆಸರನ್ನು ಪ್ರತ್ಯೇಕ ಗೌರವ ಪಟ್ಟಿಗೆ ವರ್ಗಾಯಿಸಿ, ಕರಡು ಮತದಾರರ ಪಟ್ಟಿಯನ್ನು ಆಕ್ಷೇಪಣೆಗೆ ತೆರೆದಿಡಿ. ಸ್ಪರ್ಧಿಸದ ಹಿರಿಯ ಸದಸ್ಯರೊಬ್ಬರನ್ನು, ಸಾಧ್ಯವಾದರೆ ಬೇರೆ ಊರಿನ ಸಂಘದವರನ್ನು, ಚುನಾವಣಾಧಿಕಾರಿಯಾಗಿ ನೇಮಿಸಿ, ನಾಮಪತ್ರಕ್ಕೆ ಕೊನೆಯ ದಿನ ಗೊತ್ತುಪಡಿಸಿ. ಅಭ್ಯರ್ಥಿಗಳು ಏನು ಮಾಡಬಯಸುತ್ತಾರೆಂದು ಅರ್ಧ ಪುಟದಲ್ಲಿ ಬರೆದುಕೊಟ್ಟರೆ ಅದನ್ನು ಮತಪತ್ರದ ಜೊತೆಗೇ ಕಳಿಸಬಹುದು. ಮತಪತ್ರವನ್ನು ಹೆಸರಿಲ್ಲದ ಒಳಲಕೋಟೆಯಲ್ಲಿಯೂ ಅದನ್ನು ಸಹಿ ಮತ್ತು ಕಾಲ್ ಸೈನ್ ಇರುವ ಹೊರಲಕೋಟೆಯಲ್ಲಿಯೂ ಹಾಕಿ ಕಳಿಸುವ ಹಳೆಯ ಕ್ರಮ ಸಣ್ಣ ಸಂಘಕ್ಕೆ ಸಾಕು. ಆನ್‌ಲೈನ್ ಮತದಾನ ಬೇಕೆನ್ನುವವರು ಗುಪ್ತತೆ ಕಾಯುವ ಸೇವೆಯನ್ನೇ ಆರಿಸಲಿ, ವಾಟ್ಸ್‌ಆ್ಯಪ್ ಪೋಲ್ ಅದಕ್ಕೆ ಸಾಲದು. ಒಬ್ಬರೇ ಅಭ್ಯರ್ಥಿ ಇದ್ದಾಗಲೂ ‘ಒಪ್ಪಿಗೆ ಇಲ್ಲ’ ಎಂಬ ಒಂದು ಕಲಂ ಮತಪತ್ರದಲ್ಲಿರಲಿ. ಎಷ್ಟು ಮತಪತ್ರ ಹೋಯಿತು, ಎಷ್ಟು ಬಂತು, ಯಾರಿಗೆ ಎಷ್ಟು ಎಂಬುದನ್ನು ಆ ವಾರದ ನೆಟ್‌ನಲ್ಲಿ ಓದಿ, ನಡಾವಳಿಯಲ್ಲಿ ದಾಖಲಿಸಿ, ಆಡಳಿತ ಮಂಡಳಿಯ ಪಟ್ಟಿಯ ಜೊತೆ ನೋಂದಣಾಧಿಕಾರಿಯ ಕಚೇರಿಗೂ ಒಂದು ಪ್ರತಿ ಕೊಡಿ.

ಇತಿ,
ಹವ್ಯಾಸಿ ರೇಡಿಯೊ ಪರವಾನಗಿದಾರ, ಶಿವಮೊಗ್ಗ ಜಿಲ್ಲೆ